ಬೆಳಕನ್ನು ಬಲ್ಲ ವಿ.ಕೆ. ಮೂರ್ತಿ



ಈ ಸಲದ ಗೋಡೆ ಪತ್ರಿಕೆಗೆ ಒಬ್ಬ ಮಹನೀಯರ ಜೀವನ ಚರಿತ್ರೆ ಬರೀಬೇಕು ಅಂತ ಮೇಷ್ಟ್ರು ಹೇಳಿದರು. ನಾನು ಛಾಯಾಗ್ರಾಹಕ ವಿ.ಕೆ. ಮೂರ್ತಿಯವರನ್ನು ಆರಿಸಿಕೊಂಡೆ. ಅದಕ್ಕೆ ಕಾರಣ ನಮ್ಮಜ್ಜಿಯ ಫೋಟೊ.

ಮೂರ್ತಿಯವರು 1923ರ ನವೆಂಬರ್ 26ರಂದು ಮೈಸೂರಿನಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ಪಿಟೀಲು ಕಲಿತರು. ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆಗೂ ಹೋಗಿ ಬಂದರು. ಆಮೇಲೆ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ ಸಿನಿಮಾ ಛಾಯಾಗ್ರಹಣ ಓದಿ 1946ರಲ್ಲಿ ಡಿಪ್ಲೊಮಾ ಪಡೆದು ಮುಂಬೈ ಸೇರಿದರು. 1951ರ ಬಾಜಿ ಚಿತ್ರದಲ್ಲಿ ಅವರಿನ್ನೂ ಸಹಾಯಕರು. ಅವರ ಕೈಚಳಕ ಕಂಡ ನಿರ್ದೇಶಕ ಗುರುದತ್ ಮುಂದಿನ ಜಾಲ್ (1952) ಚಿತ್ರಕ್ಕೆ ಅವರನ್ನೇ ಛಾಯಾಗ್ರಾಹಕರನ್ನಾಗಿ ಮಾಡಿದರು. ಗುರುದತ್ ಹುಟ್ಟಿದ್ದೂ ನಮ್ಮ ಬೆಂಗಳೂರಲ್ಲೇ!

ನಮ್ಮ ಕಣ್ಣಿಗೆ ನಡುಮನೆಯ ಕತ್ತಲೂ ಕಾಣುತ್ತೆ, ಅಂಗಳದ ಬಿಸಿಲೂ ಕಾಣುತ್ತೆ. ಫಿಲ್ಮಿಗೆ ಅಷ್ಟು ಶಕ್ತಿ ಇಲ್ಲ. ಬಿಸಿಲಿಗೆ ಸರಿ ಮಾಡಿದರೆ ನೆರಳು ಮಸಿಯಾಗುತ್ತೆ, ನೆರಳಿಗೆ ಸರಿ ಮಾಡಿದರೆ ಬಿಸಿಲು ಬೆಳ್ಳಗೆ ಸುಟ್ಟುಹೋಗುತ್ತೆ. ಮೂರ್ತಿಯವರು ಈ ಮಿತಿಯೊಳಗೇ ಎಲ್ಲಿ ಕಪ್ಪು, ಎಲ್ಲಿ ಬೂದು, ಎಲ್ಲಿ ಬಿಳಿ ಅಂತ ಮೊದಲೇ ಯೋಚಿಸಿ ಬೆಳಕು ಇಡುತ್ತಿದ್ದರು. 1959ರ ಕಾಗಜ್ ಕೆ ಫೂಲ್ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರ ಒಂದು ಹಾಡಿಗೆ ಎರಡು ದೊಡ್ಡ ಕನ್ನಡಿ ತರಿಸಿದರು. ಒಂದು ಬಿಸಿಲನ್ನು ಹಿಡಿದು ಇನ್ನೊಂದಕ್ಕೆ ಕೊಟ್ಟಿತು, ಅದು ಕತ್ತಲ ಸ್ಟುಡಿಯೋದೊಳಗೆ ಎಸೆಯಿತು. ಹೆಂಚಿನ ಸಂದಿಯಿಂದ ನಮ್ಮ ಮನೆಗೆ ಬೀಳುವ ಬಿಸಿಲುಕೋಲೇ ಅದು!

ಈಗ ಅಜ್ಜಿಯ ವಿಷಯ. ನಮ್ಮೂರು ಎಲೆಕ್ಟ್ರಾನಿಕ್ ಸಿಟಿ ದಾಟಿ ಸ್ವಲ್ಪ ದೂರ. ಅಪ್ಪ ಬೊಮ್ಮಸಂದ್ರದ ಕಾರ್ಖಾನೆಗೆ ಹೋಗ್ತಾರೆ. ಅವರ ಮೊಬೈಲಿನಲ್ಲಿ ನಾನು ಬಾಗಿಲಲ್ಲಿ ಕೂತ ಅಜ್ಜಿಯ ಫೋಟೊ ತೆಗೆದಿದ್ದೆ. ಹಿಂದೆ ಬಿಸಿಲು, ಮುಖ ಕಪ್ಪು. ಆಷಾಢದಲ್ಲಿ ಅಜ್ಜಿ ತೀರಿಕೊಂಡರು. ಗೋಡೆಗೆ ಹಾಕೋಕೆ ಬೇರೆ ಫೋಟೊ ಇರಲಿಲ್ಲ. ಸ್ಟುಡಿಯೋದಣ್ಣ ಕಂಪ್ಯೂಟರಿನಲ್ಲಿ ಮುಖವನ್ನು ಬೆಳ್ಳಗೆ ಮಾಡಿದರು. ಆದರೆ ಬರೀ ಚುಕ್ಕಿ ಚುಕ್ಕಿ, ಅಜ್ಜಿಯ ಮುಖದ ಗೆರೆಗಳೇ ಇರಲಿಲ್ಲ. ಸೆರೆಯಾಗದೇ ಇದ್ದದ್ದನ್ನು ಆಮೇಲೆ ತರೋಕಾಗಲ್ಲ ಅಂತ ಅವರೇ ಹೇಳಿದರು.

ಮೊಬೈಲಿನಲ್ಲಿ ಎಚ್‌ಡಿಆರ್ ಅಂತ ಇದೆ. ಕಪ್ಪು ಬಿಳುಪು ಹೆಚ್ಚು ಕಡಿಮೆ ಇರುವ ಹಲವು ಚಿತ್ರ ತೆಗೆದು ಸೇರಿಸುತ್ತೆ. ಹಾಗೆ ಸಿಕ್ಕ ಬೆಳಕನ್ನೆಲ್ಲ ಪರದೆಗೆ ಹಿಡಿಸುವಂತೆ ತಗ್ಗಿಸುವುದಕ್ಕೆ ಟೋನ್ ಮ್ಯಾಪಿಂಗ್ ಅಂತಾರೆ. ಅದೇ ಬಾಗಿಲಲ್ಲಿ ತಮ್ಮನನ್ನು ಕೂರಿಸಿ ತೆಗೆದೆ. ಮುಖ ಬಂತು, ಅಂಗಳವೂ ಬಂತು. ಸ್ಟುಡಿಯೋದಣ್ಣ ಅದನ್ನೇ ಕಂಪ್ಯೂಟರಿನಲ್ಲಿ ಜಾಸ್ತಿ ಎಳೆದು ತೋರಿಸಿದರು. ತಲೆಯ ಸುತ್ತ ದೇವರ ಪಟದ ಹಾಗೆ ಪ್ರಭಾವಳಿ! ನೆರಳೇ ಇಲ್ಲದ ಚಿತ್ರ ಸಪ್ಪೆ ಅಂತ ಆಗ ಗೊತ್ತಾಯ್ತು. ಕೊನೆಗೆ ಅಮ್ಮ ಬಿಳಿ ಪಂಚೆ ಹಿಡಿದು ಅಂಗಳದ ಬೆಳಕನ್ನು ತಮ್ಮನ ಮುಖಕ್ಕೆ ತಿರುಗಿಸಿದರು. ಅದೇ ಎಲ್ಲಕ್ಕಿಂತ ಚೆನ್ನಾಗಿ ಬಂತು. ಮೂರ್ತಿಯವರ ಕನ್ನಡಿಯ ಪಾಠ ಅದು.

ಮೂರ್ತಿಯವರು 1993ರಲ್ಲಿ ಕನ್ನಡದ ಹೂವು ಹಣ್ಣು ಚಿತ್ರಕ್ಕೂ ಕ್ಯಾಮೆರಾ ಹಿಡಿದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ. 2014ರ ಏಪ್ರಿಲ್ 7ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಗೆಳೆಯರೇ, ನಿಮ್ಮ ಮನೆಯಲ್ಲಿ ಅಜ್ಜಿ ತಾತ ಇದ್ದರೆ ಇವತ್ತೇ ಅವರ ಮುಖವನ್ನು ಬೆಳಕಿಗೆ ತಿರುಗಿಸಿ ಒಂದು ಫೋಟೊ ತೆಗೆದಿಡಿ.

– ಒಂಬತ್ತನೇ ತರಗತಿಯ ನಿಮ್ಮ ಗೆಳತಿ