ಪ್ರಾಯಶ್ಚಿತ್ತವಾಗಿ ಹೇಳಿದ ಪ್ರವಾಸದ ಕಥೆ: ನಿಕೊಲೊ ಡಿ ಕೊಂಟಿ

ಕ್ರಿ.ಶ. 1498ರಲ್ಲಿ ವಾಸ್ಕೊ ಡ ಗಾಮನ ನೌಕೆಗಳು ಕಲ್ಲಿಕೋಟೆಗೆ ಬಂದ ಸಂಗತಿಯನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಅದಕ್ಕೂ ಮುಕ್ಕಾಲು ಶತಮಾನದಷ್ಟು ಹಿಂದೆಯೇ ಯೂರೋಪಿನ ಕ್ರೈಸ್ತನೊಬ್ಬನು ನಮ್ಮ ತುಂಗಭದ್ರೆಯ ದಡದ ವಿಜಯನಗರವನ್ನು ಕಂಡುಹೋದನೆಂಬುದು ಅನೇಕರಿಗೆ ತಿಳಿಯದು. ಆತನೇ ನಿಕೊಲೊ ಡಿ ಕೊಂಟಿ. ಅವನ ಬಾಳಿನ ಕಥೆ ಎಡೆದೊರೆ ಸೀಮೆಯ ಕ್ರೈಸ್ತರಾದ ನಮಗೆ ಎರಡು ಬಗೆಯಿಂದ ಹತ್ತಿರವಾದುದು.

ಕೊಂಟಿ ಸುಮಾರು 1395ರಲ್ಲಿ ವೆನಿಸ್ಸಿನ ಬಳಿಯ ಕಿಯೋಜಾ ಪಟ್ಟಣದಲ್ಲಿ ಜನಿಸಿದನು. ಆ ಕಾಲದ ಯೂರೋಪಿಗೆ ಮೆಣಸು, ದಾಲ್ಚಿನ್ನಿಗಳು ಅರಬ್ಬೀ ವರ್ತಕರ ಕೈದಾಟಿ ಬರುತ್ತಿದ್ದವು. ಅವು ಬೆಳೆಯುವ ನಾಡನ್ನು ಕಣ್ಣಾರೆ ಕಂಡವರು ವಿರಳ. ತರುಣ ವರ್ತಕ ಕೊಂಟಿಯು ಡಮಾಸ್ಕಸ್ಸಿನಲ್ಲಿ ನೆಲೆಸಿ ಅರಬ್ಬೀ ಭಾಷೆಯನ್ನು ಕಲಿತನು. ಅಲ್ಲಿಂದ ವರ್ತಕರ ತಂಡದೊಡನೆ ಮರುಭೂಮಿಯನ್ನು ದಾಟಿ, ಬಾಗ್ದಾದ್, ಹೊರ್ಮುಜ್‌ಗಳ ಮಾರ್ಗವಾಗಿ ಗುಜರಾತಿನ ಖಂಭಾತಕ್ಕೆ ಬಂದಿಳಿದನು.

ಸುಮಾರು 1420ರ ವೇಳೆಗೆ ಅವನು ವಿಜಯನಗರವನ್ನು ಸೇರಿದನು. ಕಡಿದಾದ ಬೆಟ್ಟಗಳ ನಡುವಣ ಆ ನಗರದ ಸುತ್ತಳತೆ ಅರವತ್ತು ಮೈಲಿ. ಅದರ ಕೋಟೆಗೋಡೆಗಳು ಬೆಟ್ಟಗಳನ್ನೇರಿ ಕಣಿವೆಗಳನ್ನು ಬಳಸಿದ್ದವು. ಆಯುಧ ಹಿಡಿಯಬಲ್ಲವರು 90,000 ಮಂದಿ ಎಂದು ಅವನ ವೃತ್ತಾಂತ ತಿಳಿಸುತ್ತದೆ. ಹಬ್ಬದ ದಿನ ದೇಗುಲಗಳಲ್ಲಿ ಹಗಲಿರುಳು ಉರಿಯುತ್ತಿದ್ದ ಎಣ್ಣೆಯ ದೀಪಗಳನ್ನೂ, ದಾರಿಹೋಕರ ಮೇಲೆ ಎರಚುತ್ತಿದ್ದ ಕೇಸರಿ ನೀರನ್ನೂ ಅವನು ಮರೆಯಲಿಲ್ಲ. ಮೈಲಾಪುರದಲ್ಲಿ ಪ್ರೇಷಿತ ಸಂತ ತೋಮಸರ ಸಮಾಧಿಯನ್ನೂ ಅಲ್ಲಿನ ಕ್ರೈಸ್ತರನ್ನೂ ಕುರಿತು ಹೇಳಿದನು. ಮುಂದೆ ಸುಮಾತ್ರ, ಬರ್ಮಾ, ಜಾವಾಗಳವರೆಗೂ ಸಾಗಿದನು. ಈ ಅಲೆದಾಟದ ನಡುವೆಯೇ ಅವನಿಗೆ ಹೆಂಡತಿ ಮಕ್ಕಳ ಸಂಸಾರವೂ ಆಯಿತು.

ಕಷ್ಟ ಬಂದುದು ಮರಳುವ ದಾರಿಯಲ್ಲಿ. ಕೆಂಪು ಸಮುದ್ರವನ್ನು ದಾಟಿ ಈಜಿಪ್ಟಿನ ಸೀಮೆಗೆ ಬಂದಾಗ, ಕ್ರೈಸ್ತ ವಿಶ್ವಾಸವನ್ನು ತೊರೆಯಬೇಕಾದ ಪ್ರಸಂಗ ಒದಗಿತು. ತನ್ನ ಪ್ರಾಣಕ್ಕಿಂತ ಹೆಚ್ಚಾಗಿ ಮಡದಿ ಮಕ್ಕಳ ಪ್ರಾಣಕ್ಕೆ ಅಂಜಿ ಕೊಂಟಿಯು ವಿಶ್ವಾಸವನ್ನು ನಿರಾಕರಿಸಿದನು. ಯಾರಿಗಾಗಿ ಹಾಗೆ ಮಾಡಿದನೋ ಅವರಲ್ಲಿ ಪತ್ನಿಯೂ ಇಬ್ಬರು ಮಕ್ಕಳೂ ಈಜಿಪ್ಟಿನಲ್ಲಿಯೇ ಮಹಾಮಾರಿಗೆ ತುತ್ತಾದರು.

ಸುಮಾರು ಇಪ್ಪತ್ತೈದು ವರ್ಷಗಳ ಮೇಲೆ ತಾಯ್ನಾಡಿಗೆ ಮರಳಿದ ಕೊಂಟಿಯು ತನ್ನ ತಪ್ಪನ್ನು ಮುಚ್ಚಿಡಬಹುದಾಗಿತ್ತು. ದೂರದೇಶದಲ್ಲಿ ನಡೆದುದನ್ನು ಊರಿನಲ್ಲಿ ಕೇಳುವವರಾರು? ಆದರೆ ಅವನು ಆಗ ಫ್ಲಾರೆನ್ಸಿನಲ್ಲಿದ್ದ ಜಗದ್ಗುರು ನಾಲ್ಕನೆಯ ಯುಜೀನಿಯಸ್ಸರ ಬಳಿಗೆ ಹೋಗಿ ಕ್ಷಮೆಯನ್ನು ಬೇಡಿದನು. ತನ್ನ ಪ್ರವಾಸವನ್ನೆಲ್ಲ ಸತ್ಯವಾಗಿ ನಿವೇದಿಸಬೇಕೆಂಬುದೇ ಅವನಿಗೆ ವಿಧಿಸಲಾದ ಪ್ರಾಯಶ್ಚಿತ್ತವೆಂದು ಮುಂದೆ 1550ರಲ್ಲಿ ರಾಮುಸಿಯೊ ಎಂಬ ವೆನಿಸ್ಸಿನ ವಿದ್ವಾಂಸನು ಬರೆದಿದ್ದಾನೆ. ಜಗದ್ಗುರುಗಳ ಕಾರ್ಯದರ್ಶಿ ಪೊಜ್ಜೊ ಬ್ರಾಚಿಯೊಲಿನಿಯು ಅವನನ್ನು ವಿವರವಾಗಿ ವಿಚಾರಿಸಿ, ಕೇಳಿದುದನ್ನು ಲತೀನ್ ಭಾಷೆಯಲ್ಲಿ ಬರೆದಿಟ್ಟನು. ಕೊಂಟಿಯು 1469ರಲ್ಲಿ ತೀರಿಕೊಂಡನು.

ಆ ಬರಹ ವ್ಯರ್ಥವಾಗಲಿಲ್ಲ. ಸುಮಾರು 1459ರಲ್ಲಿ ವೆನಿಸ್ಸಿನ ಸನ್ಯಾಸಿ ಫ್ರಾ ಮೌರೊ ರಚಿಸಿದ ಭೂಪಟದಲ್ಲಿ ಕೊಂಟಿಯ ವಿವರಗಳು ಸೇರಿಕೊಂಡವು. ಆಫ್ರಿಕದ ದಕ್ಷಿಣಕ್ಕೆ ಸಮುದ್ರ ತೆರೆದಿದೆಯೆಂದು ಆ ಭೂಪಟ ತೋರಿಸಿತು. 1502ರಲ್ಲಿ ಕೊಂಟಿಯ ವೃತ್ತಾಂತವು ಪೋರ್ಚುಗೀಸ್ ಭಾಷೆಯಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು. ವಿಜಯನಗರದ ಚರಿತ್ರೆಯನ್ನು ಬರೆಯುವವರು ಇಂದಿಗೂ ಅವನ ಸಾಕ್ಷ್ಯವನ್ನು ಆಶ್ರಯಿಸುತ್ತಾರೆ.

ಸಂತ ಪೇತ್ರರೂ ಅಂಜಿಕೆಯಿಂದ ಮೂರು ಬಾರಿ ಪ್ರಭುವನ್ನು ನಿರಾಕರಿಸಿ, ಆಮೇಲೆ ಅತ್ತವರು. ಕೊಂಟಿಯು ಸಂತನಲ್ಲ, ನಮ್ಮಂತೆ ಬಲಹೀನನಾದ ಒಬ್ಬ ಸಂಸಾರಿ. ಬಿದ್ದಲ್ಲಿಯೇ ಉಳಿಯದೆ ಎದ್ದು ಬಂದು ನಿಜವನ್ನು ನುಡಿದನು. ನೂರು ವರ್ಷಗಳಿಂದ ನಮ್ಮ ದೇವಾಲಯದ ಪಾಪನಿವೇದನೆಯ ಪೀಠದ ಮುಂದೆ ಮೊಣಕಾಲೂರಿದ ನಮ್ಮ ಹಿರಿಯರೂ ಇದೇ ದಾರಿಯಲ್ಲಿ ನಡೆದವರು. ಆ ಬಾಗಿಲು ನಮಗೂ ತೆರೆದಿದೆ.