ರುಕ್ಮಾಬಾಯಿಯನ್ನು ಕಟ್ಟಿಹಾಕಲು ಹೊರಟದ್ದು ಯಾವ ಧರ್ಮ?

ಗಂಡನ ಕಾಟ ತಾಳಲಾರದ ಹೆಣ್ಣುಮಗಳಿಗೆ ಇವತ್ತಿಗೂ ಸಿಗುವ ಮೊದಲ ಉಪದೇಶ, ಸಹಿಸಿಕೋ ಅನ್ನೋದು. ಬಿಟ್ಟು ಬರೋದು ನಮ್ಮ ಧರ್ಮದಲ್ಲೇ ಇಲ್ಲ ಅನ್ನೋದು ಎರಡನೆಯದು. ಈ ಎರಡನೇ ಮಾತು ಕೇಳಿದಾಗಲೆಲ್ಲ ನನಗೆ ಡಾ. ರುಕ್ಮಾಬಾಯಿ ನೆನಪಾಗುತ್ತಾರೆ.

ಅವರು ಹುಟ್ಟಿದ್ದು 1864ರಲ್ಲಿ, ಮುಂಬೈನ ಸುತಾರ, ಅಂದರೆ ಬಡಗಿ ಸಮುದಾಯದಲ್ಲಿ. ತಂದೆ ಬೇಗ ತೀರಿಕೊಂಡರು. ತಾಯಿ ಜಯಂತಿಬಾಯಿ ಡಾ. ಸಖಾರಾಮ್ ಅರ್ಜುನ್ ಅವರನ್ನು ಮರುಮದುವೆಯಾದರು. ವಿಧವೆ ಮತ್ತೆ ಮದುವೆಯಾಗಲು ಆ ಜಾತಿಯಲ್ಲಿ ಅಡ್ಡಿ ಇರಲಿಲ್ಲ. ರುಕ್ಮಾಬಾಯಿಗೆ 11 ತುಂಬಿದಾಗ 19ರ ದಾದಾಜಿ ಭಿಕಾಜಿ ಜೊತೆ ಮದುವೆ ಮಾಡಿಸಿದರು. ಆದರೆ ಆಕೆ ಗಂಡನ ಮನೆಗೆ ಹೋಗಲಿಲ್ಲ. ಮಲತಂದೆಯ ಮನೆಯಲ್ಲೇ ಉಳಿದು ಓದಿದರು. ಅತ್ತ ದಾದಾಜಿ ಓದು ಬಿಟ್ಟು, ಕಾಯಿಲೆ ಬಿದ್ದು, ಸೋದರಮಾವನ ಹಂಗಿನಲ್ಲಿ ಬದುಕುತ್ತಿದ್ದ.

1884ರಲ್ಲಿ ಆತ ಹೆಂಡತಿಯನ್ನು ಕಳಿಸಿಕೊಡಿ ಅಂತ ಬಾಂಬೆ ಹೈಕೋರ್ಟ್ ಮೆಟ್ಟಿಲೇರಿದ. ಮರುವರ್ಷ ನ್ಯಾಯಮೂರ್ತಿ ಪಿನ್ಹಿ ದಾವೆ ತಳ್ಳಿಹಾಕಿದರು. ಬುದ್ಧಿ ಬಲಿಯದ ವಯಸ್ಸಲ್ಲಿ ಮದುವೆಯಾದ, ಗಂಡನ ಜೊತೆ ಒಂದು ದಿನವೂ ಸಂಸಾರ ಮಾಡದ ಹೆಣ್ಣನ್ನು ಬಲವಂತವಾಗಿ ಕಳಿಸೋದು ಹೇಗೆ ಅನ್ನೋದು ಅವರ ಪ್ರಶ್ನೆ. ಇದರ ವಿರುದ್ಧ ಕೋಲಾಹಲವೇ ಎದ್ದಿತು. ಹಿಂದೂ ಧರ್ಮಕ್ಕೆ ಕೈ ಹಾಕಿದರು ಅಂತ ತಿಲಕರ ಕೇಸರಿ ಪತ್ರಿಕೆ ಸಿಡಿಯಿತು. ಮೇಲ್ಮನವಿಯಲ್ಲಿ ಪ್ರಕರಣ ವಾಪಸ್ ಬಂತು. 1887ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ಫ್ಯಾರನ್ ಕೊಟ್ಟ ಆದೇಶ: ಗಂಡನ ಮನೆಗೆ ಹೋಗಬೇಕು, ಇಲ್ಲವೇ ಆರು ತಿಂಗಳವರೆಗೆ ಜೈಲು. ಜೈಲೇ ಆಗಲಿ ಅಂದರು ರುಕ್ಮಾಬಾಯಿ.

ಇಲ್ಲೊಂದು ವಿಚಿತ್ರ ಗಮನಿಸಿ. ಗಂಡನ ಮನೆಗೆ ಹೆಣ್ಣನ್ನು ಕೋರ್ಟ್ ಮೂಲಕ ಎಳೆತರುವ ಈ ದಾವೆ ನಮ್ಮ ಶಾಸ್ತ್ರದ್ದಲ್ಲ. ಅದು ಇಂಗ್ಲೆಂಡಿನ ಚರ್ಚ್ ನ್ಯಾಯಾಲಯಗಳಿಂದ ಬಂದದ್ದು. ಧರ್ಮ ಉಳಿಸಲು ಹೊರಟವರು ಹಿಡಿದ ಆಯುಧವೇ ಆಮದು ಮಾಲು!

ಹಾಗಂತ ನಮ್ಮ ಶಾಸ್ತ್ರಗಳು ಹೆಣ್ಣಿನ ಪರ ಇದ್ದವು ಅಂತ ನಾನು ಹೇಳುತ್ತಿಲ್ಲ. ಗಂಡ ಎಂಥ ದುಶ್ಶೀಲನಾದರೂ ದೇವರಂತೆ ಸೇವಿಸು ಅನ್ನುತ್ತದೆ ಮನುಸ್ಮೃತಿ. ಆದರೆ ಶಾಸ್ತ್ರದ ದನಿ ಅದೊಂದೇ ಅಲ್ಲ. ನಾರದ, ಪರಾಶರ ಸ್ಮೃತಿಗಳು ಗಂಡ ನಾಪತ್ತೆಯಾದಾಗ, ಸತ್ತಾಗ, ಸನ್ಯಾಸಿಯಾದಾಗ, ನಪುಂಸಕನಾದಾಗ, ಪತಿತನಾದಾಗ ಹೆಣ್ಣಿಗೆ ಇನ್ನೊಬ್ಬ ಗಂಡನನ್ನು ಒಪ್ಪುತ್ತವೆ. ಕೌಟಿಲ್ಯನ ಅರ್ಥಶಾಸ್ತ್ರ ಕೆಟ್ಟ ನಡತೆಯ, ಹೆಂಡತಿಯ ಪ್ರಾಣಕ್ಕೇ ಎರವಾಗುವ ಗಂಡನನ್ನು ಬಿಡಬಹುದು ಅನ್ನುತ್ತದೆ. ಧರ್ಮವಿವಾಹಗಳಿಗೆ ಅನ್ವಯಿಸದಿದ್ದರೂ, ಗಂಡಹೆಂಡಿರ ಪರಸ್ಪರ ದ್ವೇಷದಿಂದಲೂ ಬಿಡುಗಡೆ ಉಂಟು ಅನ್ನುತ್ತದೆ. ಆ ಬಿಡುಗಡೆಗೆ ಅವನು ಬಳಸುವ ಪದ ಮೋಕ್ಷ. ಇನ್ನು ಉಡಿಕೆ, ಕೂಡಿಕೆ ಕಂಡ ನಮ್ಮೂರುಗಳ ಎಷ್ಟೋ ಜಾತಿಗಳಿಗೆ ಇದನ್ನು ಪುಸ್ತಕ ನೋಡಿ ಕಲಿಯುವ ಅಗತ್ಯವೇ ಇರಲಿಲ್ಲ. ಬಾಗಿಲು ಇತ್ತು, ಅದಕ್ಕೆ ಬೀಗ ಜಡಿದವರು ಮೇಲ್ಜಾತಿ ಗಂಡಸರು ಮತ್ತು ವಸಾಹತು ಕೋರ್ಟು, ಇಬ್ಬರೂ ಸೇರಿ.

1888ರಲ್ಲಿ 2,000 ರೂಪಾಯಿ ಪಡೆದು ದಾದಾಜಿ ಸುಮ್ಮನಾದ. ಕಾನೂನು ಬಿಡಿಸಲಿಲ್ಲ, ದುಡ್ಡು ಬಿಡಿಸಿತು. ಮರುವರ್ಷ ರುಕ್ಮಾಬಾಯಿ ಲಂಡನ್‌ಗೆ ಹೋಗಿ ವೈದ್ಯಕೀಯ ಓದಿದರು. ವಾಪಸ್ ಬಂದು ಸೂರತ್, ರಾಜ್‌ಕೋಟ್‌ಗಳ ಮಹಿಳಾ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ದುಡಿದರು. 1904ರಲ್ಲಿ ದಾದಾಜಿ ಸತ್ತಾಗ ವಿಧವೆಯ ಬಿಳಿ ಸೀರೆ ಉಟ್ಟರಂತೆ. ಆ ಸೀರೆ ನನ್ನನ್ನು ಕಾಡುತ್ತದೆ. ಕಾನೂನಿನ ಲೆಕ್ಕದಲ್ಲಿ ಆಕೆ ಕೊನೆಯವರೆಗೂ ಅವನ ಹೆಂಡತಿಯೇ ಆಗಿದ್ದರಲ್ಲ!

ರುಕ್ಮಾಬಾಯಿ ತೀರಿಕೊಂಡದ್ದು 1955ರ ಸೆಪ್ಟೆಂಬರ್‌ನಲ್ಲಿ. ಅದೇ ವರ್ಷದ ಮೇನಲ್ಲಿ ಹಿಂದೂ ವಿವಾಹ ಕಾಯ್ದೆ ಬಂದಿತ್ತು. ವಿಚ್ಛೇದನ ಕೊಟ್ಟ ಅದೇ ಕಾಯ್ದೆ, ಆಕೆಯನ್ನು ಕಾಡಿದ ದಾವೆಯನ್ನೂ ಸೆಕ್ಷನ್ 9 ಮಾಡಿ ಉಳಿಸಿಕೊಂಡಿತು. ಕ್ರೌರ್ಯವೊಂದೇ ವಿಚ್ಛೇದನಕ್ಕೆ ಸಾಕು ಅನ್ನಲು 1976ರ ತಿದ್ದುಪಡಿವರೆಗೆ ಕಾಯಬೇಕಾಯಿತು. 1983ರಲ್ಲಿ ಆಂಧ್ರ ಹೈಕೋರ್ಟ್ ಸೆಕ್ಷನ್ 9 ಅಸಾಂವಿಧಾನಿಕ ಅಂದಿತು. ಮರುವರ್ಷವೇ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಈಗ ಜೈಲಿಲ್ಲ, ಆಸ್ತಿ ಜಪ್ತಿಯ ಬೆದರಿಕೆ ಇದೆ.

ವಸಾಹತು ಕಾನೂನುಗಳನ್ನು ಕಿತ್ತೊಗೆಯುತ್ತೇವೆ ಅನ್ನುವವರನ್ನು ನೀವು ಕೇಳಬೇಕಾದ ಪ್ರಶ್ನೆ ಇದು: ಸೆಕ್ಷನ್ 9 ಯಾವಾಗ?