ಮಾನ್ವಿಯ ಜಗನ್ನಾಥದಾಸರು

ಕಠಿಣವಾದ ಜಾಡ್ಯವೊಂದು ಮೈಬಿಟ್ಟು ಹೋದ ಮಾತ್ರಕ್ಕೆ ಮನುಷ್ಯನು ಮೊದಲಿನಂತಾದನೆಂದು ಹೇಳಲಾಗದು. 2006ರಲ್ಲಿ ನಮ್ಮ ನಾಡಿನಲ್ಲಿ ಚಿಕೂನ್‌ಗುನ್ಯ ಹಬ್ಬಿದಾಗ ಎಷ್ಟೋ ಮಂದಿ ಜ್ವರ ಇಳಿದ ಮೇಲೂ ತಿಂಗಳುಗಟ್ಟಲೆ ಕೀಲುನೋವಿನಿಂದ ನರಳಿದರು. 2020ರಲ್ಲಿ ಬಂದ ಕೊರೋನಾ ವ್ಯಾಧಿಯಿಂದ ಪಾರಾದವರಲ್ಲಿಯೂ ಹಲವರಿಗೆ ಆಯಾಸವೂ ಉಬ್ಬಸವೂ ಬಹುಕಾಲ ಬಿಡಲಿಲ್ಲ. ಪ್ರಾಣವೇನೋ ಉಳಿಯಿತು, ಉಳಿದ ಪ್ರಾಣದಿಂದ ಬಾಳುವುದು ಹೇಗೆಂಬುದು ಅಂಥವರ ಪ್ರಶ್ನೆ. ಸುಮಾರು ಇನ್ನೂರೆಪ್ಪತ್ತು ವರ್ಷಗಳ ಹಿಂದೆ ನಮ್ಮ ರಾಯಚೂರು ಸೀಮೆಯ ತರುಣ ಪಂಡಿತರೊಬ್ಬರಿಗೂ ಈ ಪ್ರಶ್ನೆಯೇ ಎದುರಾಗಿತ್ತು. ಅವರ ಬೇನೆ ಬೇರೆ ಬಗೆಯದು. ಆದರೂ ಗುಣವಾದ ಮೇಲೆ ಅವರು ಬಾಳಿದ ರೀತಿಯು ನಮ್ಮೆಲ್ಲರ ಮನನಕ್ಕೆ ಯೋಗ್ಯವಾದುದು.

ಮಾನ್ವಿಯ ಸಮೀಪದ ಬ್ಯಾಗವಾಟ ಗ್ರಾಮದಲ್ಲಿ 1728ರಲ್ಲಿ ಅವರ ಜನನವಾಯಿತು. ತಾಯಿತಂದೆಗಳು ಇಟ್ಟ ಹೆಸರು ಶ್ರೀನಿವಾಸ. ಮಂತ್ರಾಲಯದ ಮಠದ ವರದೇಂದ್ರತೀರ್ಥರಲ್ಲಿ ಶಾಸ್ತ್ರಾಭ್ಯಾಸ ಮಾಡಿ, ಚಿಕ್ಕ ವಯಸ್ಸಿನಲ್ಲಿಯೇ ಸಂಸ್ಕೃತ ವಿದ್ವಾಂಸರೆಂದು ಹೆಸರಾಗಿ, ಶ್ರೀನಿವಾಸಾಚಾರ್ಯರೆನಿಸಿಕೊಂಡರು. ವಿದ್ಯೆಯೊಡನೆ ಗರ್ವವೂ ಬೆಳೆಯಿತು. ತಂಬೂರಿ ಹಿಡಿದು ಕನ್ನಡದಲ್ಲಿ ಹಾಡುವ ಹರಿದಾಸರೆಂದರೆ ಅವರಿಗೆ ತಾತ್ಸಾರ.

ಆ ಕಾಲದಲ್ಲಿ ದಾಸರ ಹಿರಿಯರಾಗಿದ್ದವರು ಚೀಕಲಪರವಿಯ ವಿಜಯದಾಸರು. ಅವರು ಒಮ್ಮೆ ಮಾನ್ವಿಗೆ ಬಂದಾಗ ಈ ಪಂಡಿತರನ್ನು ಊಟಕ್ಕೆ ಕರೆದರಂತೆ. ಹೊತ್ತು ಮೀರಿ ಉಂಡರೆ ತಮಗೆ ಹೊಟ್ಟೆನೋವು ಬರುವುದೆಂಬ ನೆವವನ್ನು ಹೇಳಿ ಆಚಾರ್ಯರು ಹೋಗಲಿಲ್ಲ. ಕೆಲಕಾಲದಲ್ಲಿಯೇ ಆ ನೆವವು ನಿಜವಾಯಿತೆಂದೂ, ಘೋರವಾದ ಉದರಶೂಲೆಯು ಅವರನ್ನು ಹಿಡಿದು ಅನ್ನ ಸೇರದಂತೆ ಮಾಡಿತೆಂದೂ ಪರಂಪರೆಯು ಹೇಳುತ್ತದೆ. ದೇಹವು ಸೊರಗಿತು, ಬದುಕುವ ಆಸೆಯೂ ಕುಂದಿತು. ತಾವು ಕಲಿತ ಯಾವ ಗ್ರಂಥವೂ ಆ ನೋವನ್ನು ಇಳಿಸಲಿಲ್ಲ.

ಕಡೆಗೆ ಅವರು ನಾಚಿಕೆಯನ್ನು ತೊರೆದು ವಿಜಯದಾಸರನ್ನೇ ಆಶ್ರಯಿಸಿದರು. ವಿಜಯದಾಸರು ಹಳೆಯ ಮಾತನ್ನು ಎತ್ತದೆ, ಅವರನ್ನು ತಮ್ಮ ಶಿಷ್ಯರಾದ ಗೋಪಾಲದಾಸರ ಬಳಿಗೆ ಕಳುಹಿಸಿದರು. ಈ ಗೋಪಾಲದಾಸರು ನಮ್ಮ ದೇವದುರ್ಗ ತಾಲೂಕಿನ ಮೊಸರಕಲ್ಲಿನಲ್ಲಿ 1721ರಲ್ಲಿ ಹುಟ್ಟಿ, ಉತ್ತನೂರಿನಲ್ಲಿ ನೆಲೆಸಿದ್ದವರು. ಅವರು ರೋಗಿಯನ್ನು ಆದರದಿಂದ ಬರಮಾಡಿಕೊಂಡು, ಪ್ರಾರ್ಥಿಸಿ, ಜೋಳದ ರೊಟ್ಟಿಯನ್ನು ಉಣಿಸಿ ಗುಣಪಡಿಸಿದರೆಂದೂ, ತಮ್ಮ ಆಯುಸ್ಸಿನಿಂದ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದೂ ದಾಸಪಂಥದವರು ನಂಬುತ್ತಾರೆ. ಗೋಪಾಲದಾಸರು 1762ರಲ್ಲಿ, ನಲವತ್ತರ ಆಸುಪಾಸಿನಲ್ಲಿಯೇ, ತೀರಿಕೊಂಡರು.

ಗುಣಹೊಂದಿದ ಆಚಾರ್ಯರು ತಮ್ಮ ಹಿಂದಿನ ಬಾಳಿಗೆ ಮರಳಬಹುದಾಗಿತ್ತು. ವಿದ್ಯೆಯಿತ್ತು, ಹೆಸರಿತ್ತು, ಮನ್ನಣೆಯಿತ್ತು. ಅವರು ಹಾಗೆ ಮಾಡಲಿಲ್ಲ. ಪಂಢರಪುರದ ಯಾತ್ರೆ ಮಾಡಿ, ಜಗನ್ನಾಥವಿಠಲನೆಂಬ ಅಂಕಿತವನ್ನು ಪಡೆದು, ತಾವು ಹಿಂದೆ ಹೀಯಾಳಿಸಿದ ದಾಸರ ಪಂಕ್ತಿಯಲ್ಲಿಯೇ ಸೇರಿದರು. ಹಗುರವೆಂದು ಎಣಿಸಿದ್ದ ಕನ್ನಡದಲ್ಲಿಯೇ ತಮ್ಮ ಪಾಂಡಿತ್ಯವನ್ನೆಲ್ಲ ಎರೆದು, ಭಾಮಿನೀ ಷಟ್ಪದಿಯಲ್ಲಿ 32 ಸಂಧಿಗಳ ಹರಿಕಥಾಮೃತಸಾರವನ್ನು ರಚಿಸಿದರು. ಅಷ್ಟಕ್ಕೇ ನಿಲ್ಲದೆ, ತ್ರಿಪದಿಗಳಲ್ಲಿ ತತ್ತ್ವಸುವ್ವಾಲಿಯನ್ನೂ ಬರೆದರು. ಸುವ್ವಿಯೆಂಬುದು ಹೆಂಗಸರು ಧಾನ್ಯವನ್ನು ಕುಟ್ಟುವಾಗ ಹಾಡುವ ಹಾಡು. ಪಂಡಿತರ ಸಭೆಯಲ್ಲಿ ವಾದಿಸುತ್ತಿದ್ದವರು ಒನಕೆಯ ಲಯಕ್ಕೆ ತಮ್ಮ ತತ್ತ್ವವನ್ನು ಹೊಂದಿಸಿದರೆಂಬುದು ಸಣ್ಣ ಮಾತಲ್ಲ.

ವರ್ಷಗಳನ್ನು ಎಣಿಸಿ ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ವಿಜಯದಾಸರು 1755ರಲ್ಲಿ ತೀರಿಕೊಂಡರು. ಆದಕಾರಣ ಈ ಬೇನೆ ಬಂದಾಗ ಶ್ರೀನಿವಾಸಾಚಾರ್ಯರಿಗೆ ಇಪ್ಪತ್ತೇಳು ದಾಟಿರಲಾರದು. ಅವರು ಮಾನ್ವಿಯಲ್ಲಿ ದೇಹವಿಟ್ಟುದು 1809ರಲ್ಲಿ. ಎಂದರೆ ಬೇನೆಯ ತರುವಾಯ ಅರ್ಧ ಶತಮಾನಕ್ಕೂ ಮೀರಿ ಬಾಳಿದರು. ಲೋಕವು ಇಂದು ಅವರನ್ನು ನೆನೆಯುವುದು ಆ ವರ್ಷಗಳ ಕೃತಿಗಳಿಗಾಗಿಯೇ. ಅವರು ಒರಗಿ ಕುಳಿತಿದ್ದರೆನ್ನಲಾದ ಕಂಬವನ್ನು ಮಾನ್ವಿಯಲ್ಲಿ ಜನರು ಭಕ್ತಿಯಿಂದ ಕಾಣುತ್ತಾರೆ. ಭಾದ್ರಪದ ಶುದ್ಧ ನವಮಿಯಂದು ಅವರ ಆರಾಧನೆ ನಡೆಯುತ್ತದೆ.

ಆಯುಸ್ಸನ್ನು ಧಾರೆಯೆರೆದ ಕಥೆಯನ್ನು ನಂಬುವುದು ಬಿಡುವುದು ಅವರವರ ಮನಸ್ಸಿಗೆ ಸೇರಿದ್ದು. ಆದರೆ ರೋಗಿಯೊಬ್ಬನು ಎದ್ದು ಕುಳಿತನೆಂದರೆ, ಇನ್ನೊಬ್ಬರ ಬಾಳಿನ ಒಂದು ಭಾಗವು ಅವನಿಗಾಗಿ ವ್ಯಯವಾಗಿರುತ್ತದೆಂಬುದನ್ನು ಯಾರೂ ಅಲ್ಲಗಳೆಯಲಾರರು. ರಾತ್ರಿಯೆಲ್ಲಾ ಎದ್ದು ಕುಳಿತ ತಾಯಿ, ಗಂಜಿ ಕಾಸಿಕೊಟ್ಟ ಅಕ್ಕ, ಆಸ್ಪತ್ರೆಯ ದಾದಿ ಇವರೆಲ್ಲರೂ ತಂತಮ್ಮ ದಿನಗಳನ್ನು ಕೊಟ್ಟವರೇ. ಈ ಶಾಲೆಯಲ್ಲಿ ಓದಿದ ಸಹೋದರಿಯರಲ್ಲಿ ಎಷ್ಟೋ ಜನ ಹಾಗೆ ಕೊಟ್ಟಿರುವರು; ಕೆಲವರು ಹಾಗೆ ಪಡೆದೂ ಇರುವರು. ಮೊದಲಿನ ಬಲವು ಮರಳಲಿಲ್ಲವೆಂದು ಕೊರಗುವವರು ಮಾನ್ವಿಯ ದಾಸರನ್ನು ನೆನೆಯಲಿ. ಮೊದಲಿನಂತಾಗುವುದಕ್ಕಿಂತ ಮೇಲಾದ ಬಾಳೊಂದು ಬೇನೆಯ ಆಚೆಗೆ ಇರಬಲ್ಲುದು. ಸಿಕ್ಕ ದಿನಗಳು ಕೊಟ್ಟವರ ಋಣವೆಂದು ತಿಳಿದು ನಡೆದವರಿಗೆ ಅದು ದೊರೆಯುತ್ತದೆ.